ಹೊಸದೋ, ಹಳೆಯದೋ ಎಂಬುದೇ ತಪ್ಪು ಪ್ರಶ್ನೆ

ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಅಣ್ಣನ ಮಗ ಕಳೆದ ಬೇಸಿಗೆಯಲ್ಲಿ ಬೀದರಿನ ನಮ್ಮ ಮನೆಗೆ ಬಂದಿದ್ದ. ರಸ್ತೆ ಅಗಲೀಕರಣಕ್ಕೆ ಅವರ ಮೂರು ಎಕರೆ ತೊಗರಿ ಹೊಲ ಹೋಗಿದೆ. ಪರಿಹಾರದ ಹಣ ಬ್ಯಾಂಕಿಗೆ ಬಂದು ಕುಳಿತಿದೆ. ಊಟವಾದ ಮೇಲೆ ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ತೋರಿಸಿದ. ಒಂದು, ಎರಡೇ ಬಾಗಿಲಿನ ಹೊಸ ಸ್ಪೋರ್ಟ್ಸ್ ಕಾರು. ಬೆಲೆ ಕೋಟಿ ದಾಟಿದ್ದು, ಅದಕ್ಕೆ ಸಾಲ ಬೇಕು. ಇನ್ನೊಂದು, ಅದೇ ಕಂಪನಿಯದು, ಏಳು ವರ್ಷ ಓಡಿದ್ದು, ಹೈದರಾಬಾದಿನಲ್ಲಿ ಮಾರಾಟಕ್ಕಿರುವುದು. ಅದಕ್ಕೆ ಪರಿಹಾರದ ಹಣವೇ ಸಾಕು. "ಕಾಕಾ, ನೀವು ಪರಿಸರದವರು. ಹೊಸಾದು ತಗೊಳ್ಲೋ, ಹಳೇದು ತಗೊಳ್ಲೋ? ನೀವೇ ಹೇಳ್ರಿ" ಎಂದ. ಹಳೆಯದನ್ನು ಕೊಂಡರೆ ಭೂಮಿಗೆ ಭಾರ ಕಡಿಮೆ ಎಂದು ಎಲ್ಲೋ ಓದಿರುವುದಾಗಿಯೂ ಸೇರಿಸಿದ.

ಅಂದು ನಾನು ಉತ್ತರ ಹೇಳಲಿಲ್ಲ. ಹೊಲ ರಸ್ತೆಯಾಯಿತು, ಹೊಲದ ಹಣ ಆ ರಸ್ತೆಯ ಮೇಲೆ ಓಡುವ ಕಾರಾಗಲು ಹೊರಟಿದೆ ಎಂಬ ಸಂಕಟದಲ್ಲಿ ಮಾತು ಹೊರಡಲಿಲ್ಲ. ಈ ಬರಹವೇ ಆ ಉತ್ತರ. ಅವನೊಬ್ಬನಿಗೆ ಮಾತ್ರವಲ್ಲ, "ಹಳೆಯದನ್ನು ಕೊಳ್ಳುವುದೇ ಹಸಿರು ದಾರಿ" ಎಂದು ನಂಬತೊಡಗಿರುವ ನಮ್ಮ ಬಳಗದ ಗೆಳೆಯರಿಗೂ ಇದು ಉತ್ತರ.

ಮಳೆ ಕಡಿಮೆಯ, ಕಾಡು ವಿರಳವಾದ, ರಾಜ್ಯದ ಉತ್ತರ ತುದಿಯ ಯುವಕನೊಬ್ಬನ ಕಾರಿನ ಚರ್ಚೆ ನಮ್ಮ ಮಲೆಸೀಮೆಯ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ಕಾರು ಬಯಲಿನಲ್ಲಿ ಓಡುತ್ತದೆ, ಆದರೆ ಹುಟ್ಟುವುದು ಬೆಟ್ಟದಲ್ಲಿ. ಅದರ ಉಕ್ಕು ಅದಿರಿನ ಗುಡ್ಡಗಳಿಂದ ಬರುತ್ತದೆ, ಹಗುರ ಮೈಯ ಅಲ್ಯುಮಿನಿಯಂ ಬಾಕ್ಸೈಟ್ ಬೆಟ್ಟಗಳಿಂದ ಬರುತ್ತದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಲ್ಲುವವರೆಗೆ ಭದ್ರೆಯ ನೀರು ಏನನ್ನು ಹೊತ್ತು ಹರಿಯಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಒಂದರ ಹಿಂದೊಂದರಂತೆ ಬಾಕ್ಸೈಟ್ ಗಣಿ ಬೇಡವೆಂದವು. ಸಂಡೂರಿನ ಗುಡ್ಡಗಳನ್ನು ಇಂದಿಗೂ ಅಗೆಯಲಾಗುತ್ತಿದೆ. ಹೀಗೆ ಬೆಟ್ಟದಿಂದ ಹೊರಟದ್ದು ವಾರಾಂತ್ಯಕ್ಕೆ ಬೆಟ್ಟಕ್ಕೇ ಮರಳುತ್ತದೆ. ವಾಹನಗಳ ದಟ್ಟಣೆ ತಾಳಲಾರದೆ 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳ ಸಂಖ್ಯೆಗೆ ಚಿಕ್ಕಮಗಳೂರು ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು. ಆದ್ದರಿಂದ ಭಾಲ್ಕಿಯ ಪ್ರಶ್ನೆ ನಿಮ್ಮ ಪ್ರಶ್ನೆಯೂ ಹೌದು.

ಹಳೆಯದರ ಪರವಾದ ಮಾತು

ಮೊದಲು ಎದುರುವಾದಕ್ಕೆ ನ್ಯಾಯ ಸಲ್ಲಿಸೋಣ. ಕಾರೊಂದು ಕಾರ್ಖಾನೆಯ ಬಾಗಿಲು ದಾಟುವ ಮುನ್ನವೇ ಭೂಮಿಯಿಂದ ಬಹಳಷ್ಟನ್ನು ತೆಗೆದುಕೊಂಡಿರುತ್ತದೆ. ಅದಿರು, ಕಲ್ಲಿದ್ದಲು, ನೀರು, ವಿದ್ಯುತ್ತು, ರಬ್ಬರು, ಇವೆಲ್ಲ ಅದರೊಳಗೆ ಅಡಗಿವೆ. ಹೊಸದನ್ನು ಕೊಂಡವನು ಆ ವೆಚ್ಚವನ್ನು ಮತ್ತೊಮ್ಮೆ ಮಾಡಿಸುತ್ತಾನೆ. ಹಳೆಯದನ್ನು ಕೊಂಡವನು ಆಗಿಹೋದ ವೆಚ್ಚದ ಉಳಿದ ಫಲವನ್ನು ಬಳಸುತ್ತಾನೆ. ಟ್ರ್ಯಾಕ್ಟರು, ಹೊಲಿಗೆ ಯಂತ್ರ, ಸೈಕಲ್ಲು, ಪಂಪುಸೆಟ್ಟು ಮುಂತಾದ ದುಡಿಮೆಯ ವಸ್ತುಗಳ ವಿಷಯದಲ್ಲಿ ಈ ಮಾತು ನೂರಕ್ಕೆ ನೂರು ಸತ್ಯ.

ಸತ್ಯವಾದ ಮಾತನ್ನು ಅದು ಸಲ್ಲದ ಜಾಗಕ್ಕೆ ಎಳೆದು ತಂದಾಗ ತೊಂದರೆ ಹುಟ್ಟುತ್ತದೆ. ಒಂದು ಸರಳ ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹಳೆಯ ಸ್ಪೋರ್ಟ್ಸ್ ಕಾರು ಲೀಟರಿಗೆ ಎಂಟು ಕಿಲೋಮೀಟರ್ ಓಡುತ್ತದೆಂದು ಹಿಡಿಯಿರಿ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರಿಗೆ 1,250 ಲೀಟರ್, ಅಂದರೆ 2.9 ಟನ್. ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಕೊಡುವ ಸಣ್ಣ ಕಾರಿಗೆ 500 ಲೀಟರ್, ಅಂದರೆ 1.15 ಟನ್. ವರ್ಷವೊಂದಕ್ಕೆ ವ್ಯತ್ಯಾಸ ಒಂದೂಮುಕ್ಕಾಲು ಟನ್. ಸಣ್ಣ ಹೊಸ ಕಾರಿನ ತಯಾರಿಕೆಯಲ್ಲೇ ಆರು ಟನ್ ಖರ್ಚಾಗುತ್ತದೆಂದು ಹಿಡಿದರೂ ಮೂರೂವರೆ ವರ್ಷದಲ್ಲಿ ಆ ಲೆಕ್ಕ ತೀರುತ್ತದೆ. ಅಲ್ಲಿಂದ ಮುಂದೆ ಹಳೆಯ ಸ್ಪೋರ್ಟ್ಸ್ ಕಾರಿನ ಪ್ರತಿ ಕಿಲೋಮೀಟರೂ ನಷ್ಟವೇ. ಅಂದರೆ ಹೊಸ ಸ್ಪೋರ್ಟ್ಸ್ ಕಾರಿನ ಪಕ್ಕದಲ್ಲಿ ನಿಲ್ಲಿಸಿದಾಗ ಮಾತ್ರ ಹಳೆಯ ಸ್ಪೋರ್ಟ್ಸ್ ಕಾರು ಹಸಿರಾಗಿ ಕಾಣುತ್ತದೆ.

"ಅಷ್ಟು ಯಾರು ಓಡಿಸುತ್ತಾರೆ? ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ತೆಗೆಯುವುದು" ಎನ್ನುವವರಿದ್ದಾರೆ. ಒಪ್ಪಿದೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವುದಾದರೆ ಉರಿಯುವ ಪೆಟ್ರೋಲು ಕಡಿಮೆ, ಹಳೆಯದೇ ಹೊಸದಕ್ಕಿಂತ ಮೇಲು. ಆದರೆ ಆ ಒಪ್ಪಿಗೆಯಲ್ಲಿಯೇ ಗುಟ್ಟು ಬಯಲಾಗುತ್ತದೆ. ಓಡಿಸದೆ ನಿಲ್ಲಿಸುವುದಕ್ಕಾಗಿಯೇ ಕೊಳ್ಳುವ ವಾಹನವನ್ನು ಸಾರಿಗೆ ಎಂದು ಕರೆಯಲು ಬರುವುದಿಲ್ಲ.

ಎರಡನೆಯ ಕೊಳ್ಳುಗನೇ ಮೊದಲನೆಯವನಿಗೆ ಆಸರೆ

ಹಳೆಯದರ ಪರವಾದಿಗಳು ಮರೆಯುವ ಮುಖ್ಯ ಸಂಗತಿ ಇನ್ನೊಂದಿದೆ. ಹೈದರಾಬಾದಿನ ಶ್ರೀಮಂತನು ಕೋಟಿ ಕೊಟ್ಟು ಹೊಸ ಕಾರನ್ನು ಕೊಳ್ಳುವ ಧೈರ್ಯ ಮಾಡುವುದು, ನಾಲ್ಕಾರು ವರ್ಷಗಳ ಮೇಲೆ ಅದನ್ನು ಕೊಳ್ಳಲು ಇನ್ನೊಬ್ಬನು ಕಾದಿರುತ್ತಾನೆ ಎಂಬ ಭರವಸೆಯಿಂದ. ಹಳೆಯದು ಮಾರಿ ಬಂದ ಹಣವೇ ಅವನ ಮುಂದಿನ ಹೊಸ ಕಾರಿನ ಮುಂಗಡ. ನಮ್ಮ ಹುಡುಗನು ಹಳೆಯದನ್ನು ಕೊಂಡ ದಿನ ಹೈದರಾಬಾದಿನಲ್ಲಿ ಹೊಸದೊಂದಕ್ಕೆ ಜಾಗ ತೆರವಾಗುತ್ತದೆ. ಭಾಲ್ಕಿಯ ತೊಗರಿ ಹೊಲದ ಹಣವು ಈ ಸುತ್ತುದಾರಿಯಿಂದ ಹೊಸ ಕಾರಿನ ಶೋರೂಮನ್ನೇ ಸೇರುತ್ತದೆ.

ಜಗತ್ತಿನ ಮಟ್ಟದಲ್ಲೂ ಇದೇ ಕಥೆ. 2015ರಿಂದ 2018ರ ನಡುವೆ 1 ಕೋಟಿ 40 ಲಕ್ಷ ಹಳೆಯ ಲಘು ವಾಹನಗಳು ದೇಶದಿಂದ ದೇಶಕ್ಕೆ ರಫ್ತಾದವು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2020ರ ವರದಿಯಲ್ಲಿ ಹೇಳಿತು. ಅವುಗಳಲ್ಲಿ ಸುಮಾರು ಶೇ. 80ರಷ್ಟು ಹೋದದ್ದು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ. ಶ್ರೀಮಂತ ದೇಶಗಳು ತಮ್ಮ ಗಾಳಿಯನ್ನು ಶುದ್ಧ ಮಾಡಿಕೊಂಡು ಹೊಗೆಯನ್ನು ಆಫ್ರಿಕಕ್ಕೆ ಕಳುಹಿಸಿದವು. ನಮ್ಮ ದೇಶದೊಳಗೂ ಅದೇ ಇಳಿಜಾರಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ನಿರ್ಬಂಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಆ ಬಿಗಿಯನ್ನು ಎತ್ತಿಹಿಡಿದು, 2025ರಲ್ಲಿ ಸಡಿಲಿಸಿತು. ಈ ನಡುವೆ ನಿರಾಕ್ಷೇಪಣಾ ಪತ್ರ ಹೊತ್ತು ಹೊರ ರಾಜ್ಯಗಳಿಗೆ ಹೊರಟ ಕಾರುಗಳ ಹೊಗೆ ನಿಲ್ಲಲಿಲ್ಲ, ವಿಳಾಸ ಬದಲಿಸಿತು. ಮಹಾನಗರಕ್ಕೆ ಬೇಡವಾದದ್ದು ಬೀದರಿನಂತಹ ಊರಿಗೆ ಅಂತಸ್ತಿನ ಗುರುತಾಗಿ ಬರುವುದು ನಮಗೆ ಹೆಮ್ಮೆಯೋ, ಅವಮಾನವೋ?

ಬೀದರಿಗೆ ಹಳೆಯದರ ಪಾಠ ಬೇಕಿಲ್ಲ

ಹಳೆಯ ವಸ್ತುವಿಗೆ ಬೆಲೆ ಕೊಡುವುದನ್ನು ಬೀದರಿಗೆ ಯಾರೂ ಕಲಿಸಬೇಕಿಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿಯ ಕುಸುರಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವ ಬಿದರಿ ಪಾತ್ರೆಗಳು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇವೆ. ಅಜ್ಜನ ಕಾಲದ ಹೂಜಿಯ ಬೆಳ್ಳಿ ಎದ್ದರೆ ಕೂಡಿಸಿಕೊಡುವ ಕುಶಲಕರ್ಮಿ ಇದೇ ಊರಿನ ಗಲ್ಲಿಯಲ್ಲಿದ್ದಾನೆ. ಆ ಹೂಜಿ ಎಣ್ಣೆ ಕುಡಿಯುವುದಿಲ್ಲ, ವಿಮೆ ಕೇಳುವುದಿಲ್ಲ, ವರ್ಷ ಕಳೆದಷ್ಟೂ ಮನೆಯ ನೆನಪಾಗುತ್ತದೆ.

ಮರುಬಳಕೆ ಎಂಬ ಮಾತಿಗೆ ಅರ್ಥವಿರುವುದು ದುರಸ್ತಿ ನಮ್ಮ ಕೈಯಲ್ಲಿದ್ದಾಗ. ಹಳೆಯ ಟ್ರ್ಯಾಕ್ಟರನ್ನು ಭಾಲ್ಕಿಯ ಮಿಸ್ತ್ರಿ ಬಿಚ್ಚಿ ಜೋಡಿಸಬಲ್ಲ. ಹಳೆಯ ಸ್ಪೋರ್ಟ್ಸ್ ಕಾರಿನ ಒಂದು ದೀಪ ಕೆಟ್ಟರೂ ಲಾರಿಯ ಮೇಲೆ ಹೇರಿಕೊಂಡು ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿಗೆ ಹೋಗಬೇಕು. ಕಾರಿನ ಬೆಲೆ ಅರ್ಧಕ್ಕೆ ಇಳಿದಿರಬಹುದು, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹಳೆಯದನ್ನು ಅಗ್ಗವೆಂದು ಕೊಂಡವನು ಕೊಳ್ಳುವ ದಿನ ಮಾತ್ರ ಅಗ್ಗವನ್ನು ಕಾಣುತ್ತಾನೆ.

ಇನ್ನು ಓಡಿಸುವುದಾದರೂ ಎಲ್ಲಿ? ನೆಲದಿಂದ ಗೇಣಿಗಿಂತ ಕಡಿಮೆ ಎತ್ತರದಲ್ಲಿ ಹೊಟ್ಟೆ ಇರುವ ಈ ವಾಹನ ಶಾಹಗಂಜ್ ದರವಾಜೆಯೊಳಗೆ ನುಗ್ಗಿ ಚೌಬಾರಾ ತಲುಪುವಷ್ಟರಲ್ಲಿ ಸೈಕಲ್ಲಿನವನು ಎರಡು ಸಲ ಹೋಗಿ ಬಂದಿರುತ್ತಾನೆ. ಔರಾದಿನ ಎರೆಮಣ್ಣಿನ ದಾರಿಯಲ್ಲಿ ಮೊದಲ ಮಳೆಗೆ ಹೂತರೆ ಎಳೆಯಲು ದೇವಣಿ ಎತ್ತುಗಳನ್ನೇ ತರಬೇಕು. ರಾಜ್ಯದಲ್ಲಿ ಅತಿ ಹೆಸರಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್. ಅದರ ಎರಡು ಪಟ್ಟಿಗೂ ಮೀರಿದ ವೇಗಕ್ಕೆ ಕೊಡುವ ಹಣ, ಕಾನೂನು ಮುರಿಯುವ ಸಾಮರ್ಥ್ಯಕ್ಕೆ ಕೊಡುವ ಹಣ.

ಸರ್ಕಾರದ ತಕ್ಕಡಿ

ತಪ್ಪನ್ನೆಲ್ಲ ಯುವಕನ ತಲೆಗೆ ಕಟ್ಟಿ ಸರ್ಕಾರಗಳನ್ನು ಬಿಟ್ಟುಬಿಡುವುದು ನ್ಯಾಯವಲ್ಲ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಸಾರಿಗೆ ನಿಗಮಗಳು ಬಸ್ ಪ್ರಯಾಣ ದರವನ್ನು ಶೇ. 15ರಷ್ಟು ಏರಿಸಿದವು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ತೆರಿಗೆ ಇಳಿಯಿತು. ಅದುವರೆಗೆ ಜಿ.ಎಸ್.ಟಿ. ಮತ್ತು ಪರಿಹಾರ ಉಪಕರ ಸೇರಿ ಶೇ. 50ರವರೆಗೆ ಇದ್ದದ್ದು ಶೇ. 40ಕ್ಕೆ ಬಂದಿತು. ಬಸ್ಸಿನ ಮೇಲಿನ ತೆರಿಗೆಯೂ ಶೇ. 28ರಿಂದ 18ಕ್ಕೆ ಇಳಿದದ್ದು ನಿಜ. ಆದರೆ ಔರಾದಿನಿಂದ ಬೀದರಿನ ಆಸ್ಪತ್ರೆಗೆ ಬರುವ ವೃದ್ಧನ ಟಿಕೆಟ್ಟಿನಲ್ಲಿ ಆ ಇಳಿಕೆ ಕಾಣಿಸಲಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ವಿದ್ಯುತ್ ಕಾರಿನ ವಿಷಯ. ಬೆಲೆ ಎಂಟು ಲಕ್ಷವಿರಲಿ, ಎರಡು ಕೋಟಿಯಿರಲಿ, ವಿದ್ಯುತ್ ಕಾರಿಗೆ ಜಿ.ಎಸ್.ಟಿ. ಶೇ. 5 ಮಾತ್ರ. ಸೈಕಲ್ಲಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರಿನವರೆಗೆ ಶೇ. 12 ಇತ್ತು, ಈಗ ಶೇ. 5. ಶಾಲೆಗೆ ಹೋಗುವ ಹುಡುಗಿಯ ಸೈಕಲ್ಲನ್ನೂ ಕೋಟ್ಯಧೀಶನ ವಿದ್ಯುತ್ ಸ್ಪೋರ್ಟ್ಸ್ ಕಾರನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗುವ ತಕ್ಕಡಿ ಇದು.

2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಇಬ್ಬರು ಯುವ ಎಂಜಿನಿಯರರು ಪೋರ್ಷೆ ಕಾರಿಗೆ ಬಲಿಯಾದುದನ್ನು ಯಾರೂ ಮರೆತಿರಲಾರರು. ಚಲಾಯಿಸುತ್ತಿದ್ದವನು ಹದಿನೇಳರ ಬಾಲಕ ಎಂದು ಪೊಲೀಸರು ಹೇಳಿದರು. ಆ ಕಾರಿಗೆ ಕಾಯಂ ನೋಂದಣಿಯೇ ಆಗಿರಲಿಲ್ಲ. ವಿದ್ಯುತ್ ವಾಹನವಾದ್ದರಿಂದ ರಸ್ತೆ ತೆರಿಗೆಯ ವಿನಾಯಿತಿ ಇತ್ತು, ಕಟ್ಟಬೇಕಾಗಿದ್ದ ಶುಲ್ಕ 1,758 ರೂಪಾಯಿ ಮಾತ್ರ, ಅದನ್ನೂ ಕಟ್ಟಿರಲಿಲ್ಲ ಎಂದು ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳು ತಿಳಿಸಿದರು. ಹೊಗೆಯಿಲ್ಲದ ಕಾರು ಎಂಬ ಮಾತ್ರಕ್ಕೆ ಅದು ನಿರಪರಾಧಿಯಾಗುವುದಿಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10ರ ಜೀವಿತಾವಧಿ ತೆರಿಗೆ ಹಾಕಿದ್ದು ಸರಿಯಾದ ದಿಕ್ಕಿನ ಹೆಜ್ಜೆ ಎಂದೇ ನಾನು ಭಾವಿಸುತ್ತೇನೆ.

ಗಡಿ ಜಿಲ್ಲೆಯಲ್ಲಿ ಇನ್ನೊಂದು ಆಮಿಷವಿದೆ. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ನಮ್ಮಲ್ಲಿ ಜೀವಿತಾವಧಿ ತೆರಿಗೆ ಶೇ. 18, ಉಪಕರ ಸೇರಿದರೆ ಸುಮಾರು ಶೇ. 20. ಬೀದರಿಗೆ ಒಂದು ಕಡೆ ಜಹೀರಾಬಾದ್, ಇನ್ನೊಂದು ಕಡೆ ಉದಗೀರ್, ದೇಗಲೂರು. "ತೆಲಂಗಾಣದ ನಂಬರೇ ಇರಲಿ, ಯಾರು ಕೇಳುತ್ತಾರೆ?" ಎಂದು ನಮ್ಮ ಹುಡುಗನಿಗೂ ಗೆಳೆಯರು ಬುದ್ಧಿ ಹೇಳಿದ್ದಾರಂತೆ. ಹೊರರಾಜ್ಯದ ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಇಲ್ಲಿಯೇ ಮರುನೋಂದಣಿ ಆಗಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯು ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ಜುಲೈನಲ್ಲಿ ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದ ಒಂದೇ ಒಂದು ಫೆರಾರಿ ಕಾರಿನಿಂದ ಸುಮಾರು 1.4 ಕೋಟಿ ರೂಪಾಯಿ ವಸೂಲಾಯಿತು. ಒಂದು ಕಾರು ಬಚ್ಚಿಟ್ಟ ತೆರಿಗೆಯಲ್ಲಿ ಎರಡು ಮೂರು ಹಳ್ಳಿ ಬಸ್ಸುಗಳು ಅಡಗಿದ್ದವು.

ಔರಾದಿನ ಕೊನೆಯ ಬಸ್ಸು

ಹಾಗಾದರೆ ಸರಿಯಾದ ಪ್ರಶ್ನೆ ಯಾವುದು? ಬೀದರಿನಿಂದ ಭಾಲ್ಕಿಗೂ ಔರಾದಿಗೂ ಸುಮಾರು ನಲವತ್ತು ಕಿಲೋಮೀಟರ್. ಭಾಲ್ಕಿಗೆ ರೈಲಾದರೂ ಇದೆ, ಔರಾದ್ ಪಟ್ಟಣಕ್ಕೆ ಅದೂ ಇಲ್ಲ. ಔರಾದ್ ಮಾರ್ಗವಾಗಿ ನಾಂದೇಡಿಗೆ ರೈಲು ಬೇಕೆಂಬ ಬೇಡಿಕೆ ಹಳೆಯದು. 110 ಕಿಲೋಮೀಟರಿನ ಬೀದರ್–ಕಲಬುರಗಿ ಮಾರ್ಗಕ್ಕೇ ನಾವು ಸುಮಾರು ಎರಡು ದಶಕ ಕಾದೆವು, ಅದು ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಬಸ್ಸು ತುಂಬಿ ಓಡಾಡುತ್ತಿದ್ದಾರೆ. ಬಸ್ಸಿದ್ದರೆ ಜನರಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಲ್ಲದಿರುವುದು ಬಸ್ಸು, ಅದರಲ್ಲೂ ಸಂಜೆಯ ಬಸ್ಸು.

ಕೊನೆಯ ಲೆಕ್ಕವನ್ನೂ ನೋಡಿ. ಲೀಟರಿಗೆ ಐದು ಕಿಲೋಮೀಟರ್ ಓಡುವ ಬಸ್ಸು ಬೀದರಿನಿಂದ ಹೈದರಾಬಾದಿಗೆ ಹೋಗಿ ಬರಲು 56 ಲೀಟರ್ ಡೀಸೆಲ್ ಕೇಳುತ್ತದೆ. ಐವತ್ತು ಜನರಿದ್ದರೆ ತಲೆಗೆ ಒಂದು ಲೀಟರಿಗಿಂತ ತುಸು ಹೆಚ್ಚು. ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರಿಗೆ ತಲೆಗೆ ಹದಿನೇಳು ಲೀಟರಿಗೂ ಹೆಚ್ಚು ಪೆಟ್ರೋಲ್. ಕಾರು ಹೊಸದೇ, ಹಳೆಯದೇ ಎಂದು ಆ ಹದಿನೇಳು ಲೀಟರು ಕೇಳುವುದಿಲ್ಲ.

ಆದರೂ ಹುಡುಗನ ಮನಸ್ಸನ್ನು ನಾನು ಹಗುರವಾಗಿ ಕಾಣಲಾರೆ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ: "ಒಕ್ಕಲುತನ ಮಾಡೋರಿಗೆ ಯಾರೂ ಹೆಣ್ಣು ಕೊಡಲ್ರಿ ಕಾಕಾ. ಮನಿ ಮುಂದ ಕಾರ್ ನಿಂತ್ರ ಕೇಳತಾರ." 2023ರ ಫೆಬ್ರವರಿಯಲ್ಲಿ ಮಂಡ್ಯದ ಅವಿವಾಹಿತ ಯುವಕರು ಕನ್ಯೆ ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ನಾವು ನಕ್ಕೆವು. ನಗುವ ಸಂಗತಿಯಾಗಿರಲಿಲ್ಲ ಅದು. ಹೊಲದಲ್ಲಿ ದುಡಿಯುವವನಿಗೆ ಮರ್ಯಾದೆ ಕೊಡದ ಸಮಾಜವು ಆ ಮರ್ಯಾದೆಯನ್ನು ಕಾರಿನ ರೂಪದಲ್ಲಿ ಮಾರುತ್ತಿದೆ. ಶ್ರೀಮಂತರಿಗೆ ಹೊಸದು, ಉಳಿದವರಿಗೆ ಹಳೆಯದು. ಕಾಯಕಕ್ಕೂ ದಾಸೋಹಕ್ಕೂ ಹೆಸರಾದ ಕಲ್ಯಾಣದ ನೆಲದಲ್ಲಿ, ದುಡಿದು ಬಂದದ್ದನ್ನು ಹಂಚಿಕೊಂಡವನಿಗೆ ಸಿಗಬೇಕಾದ ಗೌರವ ಕೊಂಡು ಮೆರೆದವನಿಗೆ ಸಿಗುತ್ತಿದೆ. ಅವನ ಕಾರಿನ ಆಸೆಗೆ ಅವನಿಗಿಂತ ನಾವೇ ಹೆಚ್ಚು ಹೊಣೆಗಾರರು. ಮದುವೆಯ ಮಂಟಪದ ಮುಂದೆ ನಿಂತ ಕಾರನ್ನು ನೋಡಿ "ಭಾರಿ ಮನೆತನ" ಎನ್ನುವವರು ನಾವೇ ಅಲ್ಲವೇ?

ಆದ್ದರಿಂದ ನಮ್ಮ ಬಳಗದ ಬೇಡಿಕೆಗಳು ಸ್ಪಷ್ಟವಾಗಿರಲಿ. ಐಷಾರಾಮಿ ಕಾರಿನ ತೆರಿಗೆಯನ್ನು ಇಂಧನ ಯಾವುದೆಂದು ನೋಡದೆ ಬೆಲೆ ಮತ್ತು ತೂಕಕ್ಕೆ ತಕ್ಕಂತೆ ವಿಧಿಸಬೇಕು. ಬೆಂಗಳೂರಿನಲ್ಲಿ ನಡೆದ ತಪಾಸಣೆ ಬೀದರಿನ ಗಡಿಯಲ್ಲೂ ನಡೆಯಬೇಕು. ಆ ಹಣ ಔರಾದ್, ಕಮಲನಗರ, ಭಾಲ್ಕಿಯ ಹಳ್ಳಿಗಳ ಸಂಜೆಯ ಬಸ್ಸಿಗೆ ಬರಬೇಕು. ಭೂಮಿ ಕಳೆದುಕೊಂಡವರ ಕೈಗೆ ಚೆಕ್ಕು ಕೊಟ್ಟು ಕೈತೊಳೆದುಕೊಳ್ಳುವ ಬದಲು, ಆ ಹಣ ಮತ್ತೆ ಭೂಮಿಯಾಗಲು, ದುಡಿಮೆಯಾಗಲು ಸರ್ಕಾರ ನೆರವಾಗಬೇಕು. ನಮ್ಮ ಪಾಲಿನ ಕೆಲಸವೂ ಇದೆ: ಹೊಗಳುವುದನ್ನು ನಿಲ್ಲಿಸುವುದು. ಹೊಗಳುವವರಿಲ್ಲದ ಕಡೆ ಐಷಾರಾಮಿ ಕಾರಿಗೆ ಅರ್ಧ ಬೆಲೆಯೂ ಇಲ್ಲ.

ಮಗಾ, ನೀನು ಈ ಪತ್ರಿಕೆಯನ್ನು ಓದುತ್ತೀಯೆಂದು ಬಲ್ಲೆ. ಹಣ ಇನ್ನೂ ಬ್ಯಾಂಕಿನಲ್ಲೇ ಇದೆಯೆಂದು ನಿನ್ನ ಅವ್ವ ಮೊನ್ನೆ ಹೇಳಿದಳು. ನನ್ನ ಉತ್ತರ ಇದು: ಹೊಸದೂ ಬೇಡ, ಹಳೆಯದೂ ಬೇಡ. ವಾಹನವಿಲ್ಲದೆ ಆಗದು ಎನ್ನುವುದಾದರೆ, ಭಾಲ್ಕಿಯ ಮಿಸ್ತ್ರಿ ಬಿಚ್ಚಿ ಜೋಡಿಸಬಲ್ಲ, ಮನೆಮಂದಿಯೆಲ್ಲ ಕೂರಬಲ್ಲ, ಸಣ್ಣದೊಂದು ಹಳೆಯ ಕಾರು ನೋಡು. ಹಳೆಯದು ಒಳ್ಳೆಯದು ಎಂಬ ಮಾತು ಅಲ್ಲಿ ಸಲ್ಲುತ್ತದೆ. ಉಳಿದ ಹಣದಲ್ಲಿ ಒಂದೆಕರೆಯಾದರೂ ನೆಲ ಕೊಳ್ಳು. ಏಳು ವರ್ಷದ ಕಾರು ಹದಿನೈದಕ್ಕೆ ಗುಜರಿಯ ಬಾಗಿಲಿಗೆ ಬರುತ್ತದೆ. ನಿನ್ನ ಮುತ್ತಜ್ಜ ಕೊಂಡ ಹೊಲ ನಾಲ್ಕು ತಲೆಮಾರು ತೊಗರಿ ಕೊಟ್ಟಿತು, ರಸ್ತೆ ಬರದಿದ್ದರೆ ಐದನೆಯದಕ್ಕೂ ಕೊಡುತ್ತಿತ್ತು.